ಅರ್ಧಕ್ಕೆ ನಿಂತ ವಿಂಡೋಸ್ ಅಪ್‌ಡೇಟ್: ಫಾರ್ಮ್ಯಾಟ್ ಮಾಡಿಸುವ ಮುನ್ನ

ಮಗಳ ಪ್ರಾಜೆಕ್ಟ್ ವರದಿ ಪ್ರಿಂಟ್ ತೆಗೆಯಬೇಕೆಂದು ಕಂಪ್ಯೂಟರ್ ಆನ್ ಮಾಡುತ್ತೀರಿ. ಪರದೆಯ ನಡುವೆ ಚುಕ್ಕಿಗಳು ಗುಂಡಗೆ ಸುತ್ತುತ್ತಿವೆ. ಕೆಳಗೆ, ಅಪ್‌ಡೇಟ್ ನಡೆಯುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ ಎಂಬರ್ಥದ ಇಂಗ್ಲಿಷ್ ಸಾಲು. ಶೇಕಡಾ 30, 68, 92 ಎಂದು ಏರುತ್ತಾ ಹೋಗಿ, ಇನ್ನೇನು ಮುಗಿಯಿತು ಅನ್ನುವಾಗ ‘ಅಪ್‌ಡೇಟ್ ಪೂರ್ಣಗೊಳ್ಳಲಿಲ್ಲ, ಬದಲಾವಣೆಗಳನ್ನು ರದ್ದು ಮಾಡಲಾಗುತ್ತಿದೆ’ ಎಂಬ ಸಂದೇಶ. ಎರಡು ದಿನ ಬಿಟ್ಟು ಮತ್ತೆ ಅದೇ ಆಟ. ಅಂಗಡಿಗೆ ಒಯ್ದರೆ ಬಹಳ ಸಲ ಸಿಗುವ ಉತ್ತರ: ‘ಫಾರ್ಮ್ಯಾಟ್ ಹೊಡೀಬೇಕು ಸಾರ್.’

ಫಾರ್ಮ್ಯಾಟ್ ಕೊನೆಯ ಮದ್ದು. ಅದಕ್ಕೆ ಮುಂಚೆ ಮನೆಯಲ್ಲೇ ಮಾಡಿ ನೋಡಬಹುದಾದ ಕೆಲಸಗಳು ಹತ್ತಾರಿವೆ. ಸೋತ ಅಪ್‌ಡೇಟ್ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಮೊದಲು ಗುರುತಿಸಿ, ಆ ಹಂತಕ್ಕೆ ತಕ್ಕ ಉಪಾಯವನ್ನೇ ಹಿಡಿದರೆ ಅರ್ಧ ಶ್ರಮ ಉಳಿಯುತ್ತದೆ. ಕಂಡಕಂಡ ಉಪಾಯಗಳನ್ನೆಲ್ಲ ಒಟ್ಟಿಗೆ ಮಾಡಿದರೆ ಇದ್ದ ತೊಂದರೆಗೆ ಹೊಸದೊಂದು ಸೇರಿಕೊಳ್ಳುತ್ತದೆ. ಈ ಲೇಖನದ ವಿವರಗಳು ವಿಂಡೋಸ್ 11ಕ್ಕೆ ಹೊಂದುವಂತಿವೆ. ವಿಂಡೋಸ್ 10ರಲ್ಲೂ ತತ್ತ್ವ ಇದೇ, ಮೆನುಗಳ ಜಾಗ ಮಾತ್ರ ತುಸು ಬೇರೆ.

ಅಪ್‌ಡೇಟ್ ಎಲ್ಲಿ ಎಡವುತ್ತದೆ?

ಮೈಕ್ರೋಸಾಫ್ಟ್ 2003ರಿಂದಲೂ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತಾ ಅಪ್‌ಡೇಟ್‌ಗಳನ್ನು ಬಿಡುಗಡೆ ಮಾಡುತ್ತಾ ಬಂದಿದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಯೆಂದರೆ ನಮ್ಮಲ್ಲಿ ರಾತ್ರಿ ಹತ್ತೂವರೆ, ಅಲ್ಲಿ ಚಳಿಗಾಲವಿದ್ದಾಗ ಹನ್ನೊಂದೂವರೆ. ಹಾಗಾಗಿ ನಮ್ಮ ಮನೆಗಳಲ್ಲಿ ಅದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಬುಧವಾರ ಅಥವಾ ಅದರ ನಂತರ. ಈ ಮಾಸಿಕ ಅಪ್‌ಡೇಟ್‌ಗಳಲ್ಲಿ ಹಿಂದಿನ ತಿಂಗಳುಗಳ ತಿದ್ದುಪಡಿಗಳೂ ಸೇರಿರುತ್ತವೆ. ಒಂದು ತಿಂಗಳಿನದು ಕೈಕೊಟ್ಟರೂ ಮುಂದಿನ ತಿಂಗಳಿನದು ಸರಿಯಾಗಿ ಕೂತರೆ ಹಳೆಯದನ್ನು ಪ್ರತ್ಯೇಕವಾಗಿ ಹಾಕಬೇಕಿಲ್ಲ.

ಪ್ರತಿ ಅಪ್‌ಡೇಟೂ ನಾಲ್ಕು ಹಂತ ದಾಟುತ್ತದೆ.

ಮೊದಲನೆಯದು ಹುಡುಕಾಟ. ನಿಮ್ಮ ಯಂತ್ರ ಮೈಕ್ರೋಸಾಫ್ಟ್‌ನ ಸರ್ವರ್ ಜೊತೆ ಮಾತಾಡಿ ತನಗೆ ಏನೇನು ಬಾಕಿಯಿದೆ ಎಂದು ಕೇಳುತ್ತದೆ. ಇಲ್ಲೇ ನಿಂತರೆ ನೆಟ್ ಅಥವಾ ಗಡಿಯಾರದ ಮೇಲೆ ಅನುಮಾನ ಪಡಿ.

ಎರಡನೆಯದು ಡೌನ್‌ಲೋಡ್. ಇಳಿದು ಬಂದ ತುಣುಕುಗಳು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ‘ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್’ ಎಂಬ ಫೋಲ್ಡರಿನಲ್ಲಿ ಕೂರುತ್ತವೆ. ಸೊನ್ನೆಯಲ್ಲೋ ಅರ್ಧದಲ್ಲೋ ನಿಂತರೆ ಕಾರಣ ನೆಟ್, ಜಾಗದ ಕೊರತೆ ಅಥವಾ ಕೆಟ್ಟು ಹೋದ ತುಣುಕು.

ಮೂರನೆಯದು ಜೋಡಣೆ. ತುಣುಕುಗಳನ್ನು ಬಿಚ್ಚಿ, ವಿಂಡೋಸ್ ತನ್ನದೇ ಫೈಲ್‌ಗಳ ಮೂಲ ಪ್ರತಿಗಳನ್ನು ಇಟ್ಟುಕೊಂಡಿರುವ ‘ವಿನ್‌ಎಸ್‌ಎಕ್ಸ್‌ಎಸ್’ ಎಂಬ ಉಗ್ರಾಣಕ್ಕೆ ಸೇರಿಸುತ್ತದೆ. ಉಗ್ರಾಣವೇ ಹಾಳಾಗಿದ್ದರೆ, ಜಾಗ ಸಾಲದಿದ್ದರೆ, ಆಂಟಿವೈರಸ್ ಅಡ್ಡ ಬಂದರೆ ಕೆಲಸ ಇಲ್ಲಿ ನಿಲ್ಲುತ್ತದೆ.

ನಾಲ್ಕನೆಯದು ರೀಸ್ಟಾರ್ಟ್. ಓಡುತ್ತಿರುವ ಬಸ್ಸಿನ ಚಕ್ರ ಬದಲಿಸಲು ಆಗುವುದಿಲ್ಲ. ಬಳಕೆಯಲ್ಲಿರುವ ಸಿಸ್ಟಮ್ ಫೈಲ್‌ಗಳನ್ನೂ ಹಾಗೆಯೇ, ಯಂತ್ರ ಮತ್ತೆ ಏಳುವ ಹೊತ್ತಿನಲ್ಲಷ್ಟೇ ಬದಲಿಸಬಹುದು. ಈ ಹಂತದಲ್ಲಿ ಸೋತರೆ ಡ್ರೈವರ್, ಹಾರ್ಡ್ ಡಿಸ್ಕ್ ಅಥವಾ ನಡುವೆ ಹೋದ ಕರೆಂಟ್ ಕಾರಣವಿರಬಹುದು. ‘ಬದಲಾವಣೆಗಳನ್ನು ರದ್ದು ಮಾಡಲಾಗುತ್ತಿದೆ’ ಎಂಬ ಸಂದೇಶ ಕಂಡರೆ ಗಾಬರಿ ಬೇಡ. ಅರ್ಧಂಬರ್ಧ ಸ್ಥಿತಿಯಲ್ಲಿ ಬಿಡದೆ, ನಿನ್ನೆ ಇದ್ದ ಹಾಗೆ ಯಂತ್ರವನ್ನು ಮರಳಿಸುವ ರಕ್ಷಣೆ ಅದು.

ಕೈ ಹಾಕುವ ಮುನ್ನ ನಾಲ್ಕು ಎಚ್ಚರ

1. ಕಾಯಿರಿ. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ದೊಡ್ಡ ಅಪ್‌ಡೇಟ್ ಎರಡು ಮೂರು ಗಂಟೆ ತೆಗೆದುಕೊಂಡರೂ ಅಚ್ಚರಿಯಿಲ್ಲ. ಶೇಕಡಾ ಅಂಕಿ ಒಂದೇ ಕಡೆ ನಿಂತಿದ್ದರೂ ಡಿಸ್ಕ್‌ನ ಸಣ್ಣ ದೀಪ ಮಿನುಗುತ್ತಿದ್ದರೆ ಒಳಗೆ ಕೆಲಸ ನಡೆದಿದೆ ಎಂದರ್ಥ. ದೀಪವೂ ಆರಿ, ಗಂಟೆಗಟ್ಟಲೆ ಏನೂ ಕದಲದಿದ್ದರೆ ಮಾತ್ರ ಪವರ್ ಬಟನ್ ಒತ್ತಿ ಹಿಡಿಯುವ ಯೋಚನೆ ಮಾಡಿ.

2. ಫೈಲ್‌ಗಳ ಪ್ರತಿ ತೆಗೆದಿಡಿ. ಫೋಟೊ, ಮನೆ ದಾಖಲೆಗಳು, ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಕಡತಗಳು, ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಹಾಕಿಕೊಳ್ಳಿ. ಇದು ಬರೀ ಶಾಸ್ತ್ರಕ್ಕೆ ಹೇಳುವ ಮಾತಲ್ಲ. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಒಂದು ಕೆಲವರ ಸ್ವಂತ ಫೈಲ್‌ಗಳನ್ನೇ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಅದರ ವಿತರಣೆಯನ್ನು ನಿಲ್ಲಿಸಿ, ಸರಿಪಡಿಸಿ, ಮತ್ತೆ ಬಿಡುಗಡೆ ಮಾಡಬೇಕಾಯಿತು.

3. ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳಿ. ಇತ್ತೀಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ನಿಮಗೆ ಗೊತ್ತಿಲ್ಲದೆಯೇ ಚಾಲೂ ಆಗಿರುತ್ತದೆ. ರಿಪೇರಿಯ ನಡುವೆ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದಿಲ್ಲದೆ ನಿಮ್ಮ ಫೈಲ್‌ಗಳು ನಿಮಗೇ ಸಿಗುವುದಿಲ್ಲ. ಫೋನಿನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ‘ಡಿವೈಸಸ್’ ಪಟ್ಟಿಯಲ್ಲಿ ನಿಮ್ಮ ಯಂತ್ರವನ್ನು ತೆರೆದರೆ ಕೀ ಸಿಗುತ್ತದೆ. ಅದನ್ನು ಕಾಗದದ ಮೇಲೆ ಬರೆದಿಡಿ, ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿ ಪ್ರಯೋಜನವಿಲ್ಲ.

4. ದೋಷದ ಸಂಖ್ಯೆ ಗುರುತು ಹಾಕಿಕೊಳ್ಳಿ. ಸೆಟ್ಟಿಂಗ್ಸ್ → ವಿಂಡೋಸ್ ಅಪ್‌ಡೇಟ್ → ಅಪ್‌ಡೇಟ್ ಹಿಸ್ಟರಿ ತೆರೆಯಿರಿ. ಸೋತ ಅಪ್‌ಡೇಟ್‌ನ ಹೆಸರಿನಲ್ಲಿ ‘ಕೆಬಿ’ ಎಂದು ಶುರುವಾಗುವ ಏಳಂಕಿಯ ಸಂಖ್ಯೆಯೂ, ಜೊತೆಗೆ ‘0ಎಕ್ಸ್’ ಎಂದು ಶುರುವಾಗುವ ದೋಷ ಸಂಖ್ಯೆಯೂ ಸಿಗುತ್ತವೆ. ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡರೆ ಸಾಕು.

ದೋಷ ಸಂಖ್ಯೆ ಹೇಳುವುದೇನು?

ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಾಣಿಸುವ ಕೆಲವು ಸಂಖ್ಯೆಗಳು ಇಲ್ಲಿವೆ. ನಿಮ್ಮದು ಇವುಗಳಲ್ಲೊಂದಾದರೆ ನೇರವಾಗಿ ಮುಂದಿನ ಪಟ್ಟಿಯ ಆಯಾ ಅಂಶಕ್ಕೆ ಹೋಗಬಹುದು.

• 0ಎಕ್ಸ್80070070: ಡಿಸ್ಕ್‌ನಲ್ಲಿ ಜಾಗವಿಲ್ಲ (ಅಂಶ 2).
• 0ಎಕ್ಸ್80072ಇಇ2: ಸರ್ವರ್‌ನಿಂದ ಸಮಯಕ್ಕೆ ಉತ್ತರ ಬರಲಿಲ್ಲ, ನೆಟ್ ತೊಂದರೆ (ಅಂಶ 3).
• 0ಎಕ್ಸ್80072ಎಫ್8ಎಫ್: ಸುರಕ್ಷಿತ ಸಂಪರ್ಕ ಆಗಲಿಲ್ಲ. ಮೊದಲು ತಾರೀಖು, ಸಮಯ ನೋಡಿ (ಅಂಶ 4).
• 0ಎಕ್ಸ್80070020: ಬೇಕಾದ ಫೈಲನ್ನು ಬೇರೊಂದು ಪ್ರೋಗ್ರಾಮ್ ಹಿಡಿದುಕೊಂಡಿದೆ, ಹಲವು ಸಲ ಅದು ಆಂಟಿವೈರಸ್ (ಅಂಶ 5).
• 0ಎಕ್ಸ್80070002: ಇರಬೇಕಾದ ಫೈಲ್ ಸಿಗುತ್ತಿಲ್ಲ (ಅಂಶ 7).
• 0ಎಕ್ಸ್80073712: ವಿಂಡೋಸ್‌ನ ಉಗ್ರಾಣವೇ ಹಾಳಾಗಿದೆ (ಅಂಶ 8).
• 0ಎಕ್ಸ್800ಎಫ್081ಎಫ್: ರಿಪೇರಿಗೆ ಬೇಕಾದ ಮೂಲ ಫೈಲ್ ದೊರೆಯಲಿಲ್ಲ (ಅಂಶ 8, ಬಳಿಕ 10).
• 0ಎಕ್ಸ್‌ಸಿ1900101: ಆವೃತ್ತಿ ಬದಲಿಸುವ ದೊಡ್ಡ ಅಪ್‌ಡೇಟ್ ಡ್ರೈವರ್‌ನಿಂದಾಗಿ ಸೋತಿದೆ (ಅಂಶ 5).

ಹಂತಹಂತವಾಗಿ ಸರಿಪಡಿಸುವ ಬಗೆ

ಕೆಳಗಿನ ಅಂಶಗಳು ಸುಲಭದಿಂದ ಕಠಿಣದ ಕಡೆಗೆ ಸಾಗುತ್ತವೆ. ಒಂದೊಂದನ್ನು ಮುಗಿಸಿದ ಮೇಲೂ ಅಪ್‌ಡೇಟ್ ಪ್ರಯತ್ನಿಸಿ ನೋಡಿ. ಸರಿಹೋದರೆ ಅಲ್ಲಿಗೇ ನಿಲ್ಲಿಸಿ.

1. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಮಾಡಿ. ಬೇಗ ಆನ್ ಆಗಲೆಂದು ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯ ಬಹುಪಾಲು ಯಂತ್ರಗಳಲ್ಲಿ ಮೊದಲೇ ಚಾಲೂ ಇರುತ್ತದೆ. ಹಾಗಿದ್ದಾಗ ಶಟ್‌ಡೌನ್ ಕೊಟ್ಟರೆ ವಿಂಡೋಸ್ ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಮಲಗುತ್ತದೆ, ಆನ್ ಮಾಡಿದಾಗ ಅದನ್ನೇ ಓದಿಕೊಂಡು ಏಳುತ್ತದೆ. ದಿನಾ ರಾತ್ರಿ ಆಫ್ ಮಾಡುವವರ ಯಂತ್ರವೂ ವಾರಗಟ್ಟಲೆ ಪೂರ್ತಿಯಾಗಿ ಹೊಸದಾಗಿ ಶುರುವಾಗದೇ ಇರಬಹುದು. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಮೊದಲಿಂದ ಆರಂಭಿಸುತ್ತದೆ. ಅಷ್ಟರಿಂದಲೇ ಸರಿಹೋಗುವ ತೊಂದರೆಗಳು ಕಡಿಮೆಯೇನಲ್ಲ.

2. ಸಿ ಡ್ರೈವ್‌ನಲ್ಲಿ ಜಾಗ ಮಾಡಿ. ಮಾಸಿಕ ಅಪ್‌ಡೇಟ್‌ಗೆ ಹತ್ತು ಜಿಬಿ, ಆವೃತ್ತಿ ಬದಲಿಸುವ ಅಪ್‌ಡೇಟ್‌ಗೆ ಇಪ್ಪತ್ತೈದು ಮೂವತ್ತು ಜಿಬಿ ಖಾಲಿ ಇದ್ದರೆ ನೆಮ್ಮದಿ. ಇಳಿಸಿಕೊಂಡ ಫೈಲ್, ಬಿಚ್ಚಿದ ಫೈಲ್, ಹಿಂದಿರುಗಲು ಬೇಕಾದ ಹಳೆಯ ಫೈಲ್, ಮೂರೂ ಒಟ್ಟಿಗೆ ಕೂರಬೇಕಾದ್ದರಿಂದ ಡೌನ್‌ಲೋಡ್ ಗಾತ್ರಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಸೆಟ್ಟಿಂಗ್ಸ್ → ಸಿಸ್ಟಮ್ → ಸ್ಟೋರೇಜ್ → ಟೆಂಪರರಿ ಫೈಲ್ಸ್ ತೆರೆದು ‘ವಿಂಡೋಸ್ ಅಪ್‌ಡೇಟ್ ಕ್ಲೀನಪ್’, ‘ರೀಸೈಕಲ್ ಬಿನ್’ ಗುರುತಿಸಿ ತೆಗೆಯಿರಿ. ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬುದೂ ಇರುತ್ತದೆ. ಅದು ನಿಮ್ಮದೇ ಡೌನ್‌ಲೋಡ್ ಫೋಲ್ಡರ್. ಒಳಗೇನಿದೆ ಎಂದು ನೋಡದೆ ಟಿಕ್ ಮಾಡಬೇಡಿ. 32 ಜಿಬಿ ಒಳ ಸಂಗ್ರಹ ಇರುವ ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೇ ಗುಡಿಸಿದರೂ ಜಾಗ ಸಾಲದು. ವಿಂಡೋಸ್ 10ರ ದೊಡ್ಡ ಅಪ್‌ಡೇಟ್‌ಗಳು ಅಂಥ ಕಡೆ ಹೊರಗಿನ ಪೆನ್ ಡ್ರೈವ್ ಬಳಸುವ ಅವಕಾಶವನ್ನು ತಾವೇ ಕೇಳುತ್ತವೆ, ಒಪ್ಪಿಕೊಳ್ಳಿ.

3. ನೆಟ್ ಸರಿಯಿದೆಯೇ ನೋಡಿ. ಫೋನಿನ ಹಾಟ್‌ಸ್ಪಾಟ್ ಬಳಸುವವರು ಎರಡು ಸಂಗತಿ ಗಮನಿಸಬೇಕು. ಮೊದಲನೆಯದು, ಆ ಸಂಪರ್ಕವನ್ನು ‘ಮೀಟರ್ಡ್ ಕನೆಕ್ಷನ್’ ಎಂದು ಗುರುತಿಸಿದ್ದರೆ ವಿಂಡೋಸ್ ಬಹುಪಾಲು ಅಪ್‌ಡೇಟ್‌ಗಳನ್ನು ತಾನಾಗಿ ಇಳಿಸಿಕೊಳ್ಳುವುದಿಲ್ಲ. ಡೇಟಾ ಉಳಿಸಲೆಂದು ಎಂದೋ ಹಾಕಿದ ಆ ಗುರುತು ಮರೆತೇ ಹೋಗಿರುತ್ತದೆ. ಸೆಟ್ಟಿಂಗ್ಸ್ → ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್‌ನಲ್ಲಿ ನಿಮ್ಮ ವೈಫೈ ಹೆಸರಿನ ವಿವರ ತೆರೆದು ನೋಡಿ. ಎರಡನೆಯದು, ದಿನಕ್ಕೆ ಒಂದೂವರೆ ಎರಡು ಜಿಬಿ ಪ್ಯಾಕ್ ಇದ್ದರೆ ಒಂದು ದೊಡ್ಡ ಅಪ್‌ಡೇಟೇ ಅದನ್ನು ನುಂಗಿ, ಬಳಿಕ ವೇಗ ಕುಸಿದು ಡೌನ್‌ಲೋಡ್ ನಿಂತಂತೆ ಕಾಣುತ್ತದೆ. ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದರೆ ವಿಂಡೋಸ್ ಅಪ್‌ಡೇಟ್ → ಅಡ್ವಾನ್ಸ್ಡ್ ಆಪ್ಷನ್ಸ್ → ಡೆಲಿವರಿ ಆಪ್ಟಿಮೈಸೇಷನ್‌ನಲ್ಲಿ ಸ್ಥಳೀಯ ನೆಟ್‌ವರ್ಕ್‌ನ ಯಂತ್ರಗಳಿಗೆ ಅನುಮತಿ ಕೊಡಿ. ಒಂದು ಯಂತ್ರ ಇಳಿಸಿಕೊಂಡ ತುಣುಕುಗಳನ್ನು ಇನ್ನೊಂದು ಅಲ್ಲಿಂದಲೇ ಪಡೆಯಬಹುದು. ವಿಪಿಎನ್ ಇದ್ದರೆ ಆಫ್ ಮಾಡಿ, ರೌಟರನ್ನು ಒಮ್ಮೆ ಆರಿಸಿ ಹಚ್ಚಿ.

4. ತಾರೀಖು ಸರಿಮಾಡಿ. ಸರ್ವರ್ ಜೊತೆಗಿನ ಸುರಕ್ಷಿತ ಸಂಪರ್ಕಕ್ಕೆ ಡಿಜಿಟಲ್ ಪ್ರಮಾಣಪತ್ರಗಳು ಬೇಕು, ಅವುಗಳಿಗೆ ಆರಂಭ ಮತ್ತು ಮುಕ್ತಾಯದ ದಿನಾಂಕಗಳಿವೆ. ನಿಮ್ಮ ಯಂತ್ರ ಇಂದಿನ ದಿನವನ್ನು 2015 ಎಂದುಕೊಂಡರೆ ಎಲ್ಲ ಪ್ರಮಾಣಪತ್ರಗಳೂ ಅದರ ಕಣ್ಣಿಗೆ ಸುಳ್ಳು. ಸೆಟ್ಟಿಂಗ್ಸ್ → ಟೈಮ್ ಆ್ಯಂಡ್ ಲ್ಯಾಂಗ್ವೇಜ್ → ಡೇಟ್ ಆ್ಯಂಡ್ ಟೈಮ್‌ಗೆ ಹೋಗಿ ‘ಸಿಂಕ್ ನೌ’ ಒತ್ತಿ. ಟೈಮ್ ಝೋನ್ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಎಂದಿರುವ ಸಾಲು ನಮ್ಮದು. ಪ್ಲಗ್ ತೆಗೆದು ಹಾಕಿದ ಪ್ರತಿ ಸಲವೂ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ಸೆಲ್ ಸತ್ತಿದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು ಸಿಆರ್2032, ಮೂರು ವೋಲ್ಟಿನ, 20 ಮಿಲಿಮೀಟರ್ ಅಗಲದ ನಾಣ್ಯದಂಥ ಸೆಲ್. ಪ್ಲಗ್ ಕಿತ್ತು, ಪಕ್ಕದ ತಗಡು ತೆಗೆದು, ಸೆಲ್ ಹಿಡಿದಿರುವ ಪುಟ್ಟ ಕ್ಲಿಪ್ಪನ್ನು ಉಗುರಿನಿಂದ ಸರಿಸಿದರೆ ಅದು ಮೇಲಕ್ಕೆ ಚಿಮ್ಮುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ.

5. ಅಡ್ಡ ಬರುವವನ್ನು ತೆಗೆಯಿರಿ. ಪ್ರಿಂಟರ್, ಪೆನ್ ಡ್ರೈವ್, ಮೆಮೊರಿ ಕಾರ್ಡ್, ವೆಬ್‌ಕ್ಯಾಮ್ ಎಲ್ಲ ಕಿತ್ತಿಡಿ. ಕೀಬೋರ್ಡ್, ಮೌಸ್ ಸಾಕು. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಲ್ಲಿ, ಯುಎಸ್‌ಬಿ ಡ್ರೈವ್ ಅಥವಾ ಮೆಮೊರಿ ಕಾರ್ಡ್ ಸಿಕ್ಕಿಸಿದ್ದ ಯಂತ್ರಗಳನ್ನು ಅಪ್‌ಡೇಟ್ ಮುಂದಕ್ಕೇ ಬಿಡುತ್ತಿರಲಿಲ್ಲ. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ಅದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ಅಪ್‌ಡೇಟ್ ಮುಗಿದ ಮೇಲೆ ಮತ್ತೆ ಹಾಕಿಕೊಳ್ಳಿ. ನಡುವಿನ ಅವಧಿಯಲ್ಲಿ ವಿಂಡೋಸ್‌ನ ಸ್ವಂತ ಡಿಫೆಂಡರ್ ತಾನೇ ಕಾವಲಿಗೆ ನಿಲ್ಲುತ್ತದೆ. ಡ್ರೈವರ್ ತೊಂದರೆಯ ಸಂಖ್ಯೆ ಬಂದಿದ್ದರೆ ನಿಮ್ಮ ಲ್ಯಾಪ್‌ಟಾಪ್ ತಯಾರಕರ ತಾಣದಿಂದಲೇ ಹೊಸ ಡ್ರೈವರ್ ತೆಗೆದುಕೊಳ್ಳಿ.

6. ವಿಂಡೋಸ್‌ನ ತಪಾಸಣೆ ಓಡಿಸಿ. ಸೆಟ್ಟಿಂಗ್ಸ್ → ಸಿಸ್ಟಮ್ → ಟ್ರಬಲ್‌ಶೂಟ್ → ಅದರ್ ಟ್ರಬಲ್‌ಶೂಟರ್ಸ್‌ನಲ್ಲಿ ‘ವಿಂಡೋಸ್ ಅಪ್‌ಡೇಟ್’ ಎದುರಿನ ‘ರನ್’ ಒತ್ತಿ. ನಿಂತು ಹೋದ ಸೇವೆಗಳನ್ನು ಶುರು ಮಾಡುವಂಥ ಚಿಕ್ಕಪುಟ್ಟ ರಿಪೇರಿಗಳನ್ನು ಅದೇ ಮಾಡುತ್ತದೆ.

7. ಕೆಟ್ಟ ಡೌನ್‌ಲೋಡನ್ನು ಬದಿಗಿಡಿ. ಅರ್ಧ ಇಳಿದ, ಹಾಳಾದ ತುಣುಕನ್ನೇ ವಿಂಡೋಸ್ ಮತ್ತೆ ಮತ್ತೆ ಬಳಸಲು ಹೊರಟರೆ ಎಷ್ಟು ಸಲ ಪ್ರಯತ್ನಿಸಿದರೂ ಫಲ ಒಂದೇ. ಸ್ಟಾರ್ಟ್ ಹುಡುಕಾಟದಲ್ಲಿ ‘ಸರ್ವಿಸಸ್’ ಎಂದು ಹುಡುಕಿ ತೆರೆಯಿರಿ. ಪಟ್ಟಿಯಲ್ಲಿ ‘ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವಿಸ್’ ಮತ್ತು ‘ವಿಂಡೋಸ್ ಅಪ್‌ಡೇಟ್’ ಎರಡರ ಮೇಲೂ ರೈಟ್ ಕ್ಲಿಕ್ ಮಾಡಿ ‘ಸ್ಟಾಪ್’ ಕೊಡಿ. ಈಗ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿ ‘ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್’ ಹುಡುಕಿ, ಅಳಿಸದೆ, ಹೆಸರಿನ ಕೊನೆಗೆ ‘ಓಲ್ಡ್’ ಎಂದು ಸೇರಿಸಿ. ಫೈಲ್ ಬಳಕೆಯಲ್ಲಿದೆ ಎಂದು ತಕರಾರು ಬಂದರೆ ಸೇವೆ ತಾನಾಗಿ ಮತ್ತೆ ಶುರುವಾಗಿದೆ. ಇನ್ನೊಮ್ಮೆ ನಿಲ್ಲಿಸಿ ಕೂಡಲೇ ಹೆಸರು ಬದಲಿಸಿ. ಬಳಿಕ ರೀಸ್ಟಾರ್ಟ್. ವಿಂಡೋಸ್ ಆ ಫೋಲ್ಡರನ್ನು ಹೊಸದಾಗಿ ಸೃಷ್ಟಿಸಿಕೊಂಡು ಎಲ್ಲವನ್ನೂ ಮೊದಲಿಂದ ಇಳಿಸಿಕೊಳ್ಳುತ್ತದೆ. ಅಪ್‌ಡೇಟ್ ಹಿಸ್ಟರಿಯ ಪಟ್ಟಿ ಖಾಲಿಯಾಗಿ ಕಾಣಬಹುದು, ಅದಕ್ಕೇ ದೋಷ ಸಂಖ್ಯೆಯ ಫೋಟೊ ಮೊದಲೇ ತೆಗೆಯಿರಿ ಎಂದದ್ದು. ಎಲ್ಲ ಸರಿಹೋದ ಮೇಲೆ ಹಳೆಯ ಫೋಲ್ಡರ್ ಅಳಿಸಿ.

8. ಉಗ್ರಾಣವನ್ನು ರಿಪೇರಿ ಮಾಡಿ. ಇದಕ್ಕೆ ಎರಡು ಆಜ್ಞೆಗಳನ್ನು ಟೈಪ್ ಮಾಡಬೇಕು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಟರ್ಮಿನಲ್ (ಅಡ್ಮಿನ್)’ ತೆರೆಯಿರಿ. ಮೊದಲ ಆಜ್ಞೆ:

ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್

ಅದು ಮುಗಿದ ಬಳಿಕ ಎರಡನೆಯದು:

ಎಸ್‌ಎಫ್‌ಸಿ /ಸ್ಕ್ಯಾನ್‌ನೌ

ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ದೊಡ್ಡ ಅಕ್ಷರವೋ ಚಿಕ್ಕದೋ ಎಂಬ ಭೇದವಿಲ್ಲ. ಎಡವುವುದು ಸ್ಪೇಸ್‌ನಲ್ಲಿ: ಪ್ರತಿ ಓರೆಗೆರೆಯ ಹಿಂದೆ ಒಂದು ಸ್ಪೇಸ್ ಬೇಕು, ಮುಂದೆ ಬೇಡ. ಕ್ಲೀನಪ್ ಮತ್ತು ಇಮೇಜ್ ನಡುವೆ ಅಡ್ಡಗೆರೆ ಮಾತ್ರ, ಸ್ಪೇಸ್ ಇಲ್ಲ. ರಿಸ್ಟೋರ್‌ಹೆಲ್ತ್ ಒಂದೇ ಪದ, ಸ್ಕ್ಯಾನ್‌ನೌ ಕೂಡ.

ಅನುಕ್ರಮಕ್ಕೂ ಕಾರಣವಿದೆ. ಎರಡನೇ ಆಜ್ಞೆ ಹಾಳಾದ ಸಿಸ್ಟಮ್ ಫೈಲ್‌ಗಳನ್ನು ಉಗ್ರಾಣದ ಪ್ರತಿಗಳಿಂದ ಬದಲಿಸುತ್ತದೆ. ಉಗ್ರಾಣದ ಪ್ರತಿಯೇ ಕೆಟ್ಟಿದ್ದರೆ ಬದಲಿಸಿ ಏನು ಬಂತು? ಆದ್ದರಿಂದ ಮೊದಲ ಆಜ್ಞೆಯಿಂದ ಉಗ್ರಾಣ ಸರಿಯಾಗಬೇಕು. ಅದಕ್ಕೆ ಬೇಕಾದ ಒಳ್ಳೆಯ ಫೈಲ್‌ಗಳು ಮೈಕ್ರೋಸಾಫ್ಟ್‌ನಿಂದಲೇ ಬರುವುದರಿಂದ ನೆಟ್ ಇರಲೇಬೇಕು. ಅದರ ಶೇಕಡಾ ಗೆರೆ 62.3ರ ಆಸುಪಾಸಿನಲ್ಲಿ ಬಹಳ ಹೊತ್ತು ಅಲ್ಲಾಡದೆ ನಿಲ್ಲುವುದುಂಟು. ಕೆಟ್ಟಿತೆಂದು ಕಿಟಕಿ ಮುಚ್ಚಬೇಡಿ, ಸುಮ್ಮನೆ ಬಿಡಿ.

9. ಕೈಯಾರೆ ಇಳಿಸಿ ಹಾಕಿ. ಒಂದೇ ಕೆಬಿ ಸಂಖ್ಯೆ ಪದೇಪದೇ ಸೋಲುತ್ತಿದ್ದರೆ ‘ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್’ ತಾಣದಲ್ಲಿ ಅದೇ ಸಂಖ್ಯೆ ಹುಡುಕಿ. ಸೆಟ್ಟಿಂಗ್ಸ್ → ಸಿಸ್ಟಮ್ → ಅಬೌಟ್ ಪುಟದಲ್ಲಿ ‘ಸಿಸ್ಟಮ್ ಟೈಪ್’ ಏನಿದೆ ನೋಡಿ ಅದಕ್ಕೆ ಹೊಂದುವ ಫೈಲನ್ನೇ ಆರಿಸಿ; ಮನೆಯ ಹೆಚ್ಚಿನ ಯಂತ್ರಗಳು ಎಕ್ಸ್64. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅಪ್‌ಡೇಟ್ ಶುರು. ಒಂದಕ್ಕಿಂತ ಹೆಚ್ಚು ಫೈಲ್ ಕೊಟ್ಟರೆ ಹಳೆಯದನ್ನು ಮೊದಲು ಹಾಕಿ. ನೆಟ್ ದುರ್ಬಲವಿರುವ ಊರಿನವರು ಪೇಟೆಯಲ್ಲಿ ಇಳಿಸಿ ಪೆನ್ ಡ್ರೈವ್‌ನಲ್ಲಿ ತರಲೂ ಈ ದಾರಿ ಅನುಕೂಲ.

10. ವಿಂಡೋಸ್ ಮೇಲೆ ವಿಂಡೋಸ್ ಹಾಕಿ. ಮೇಲಿನ ಯಾವುದೂ ಫಲಿಸದಿದ್ದರೆ ಸೆಟ್ಟಿಂಗ್ಸ್ → ಸಿಸ್ಟಮ್ → ರಿಕವರಿ ಪುಟದಲ್ಲಿ ‘ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್’ ಎದುರಿನ ‘ರೀಇನ್‌ಸ್ಟಾಲ್ ನೌ’ ಒತ್ತಿ. ಇರುವ ಆವೃತ್ತಿಯನ್ನೇ ಹೊಸದಾಗಿ ಇಳಿಸಿ ಕೂರಿಸುತ್ತದೆ. ನಿಮ್ಮ ಫೈಲ್, ಪ್ರೋಗ್ರಾಮ್, ಸೆಟ್ಟಿಂಗ್ ಎಲ್ಲವೂ ಉಳಿಯುತ್ತವೆ. ಅಂಗಡಿಯ ಫಾರ್ಮ್ಯಾಟ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ನಿಮಗೆ ಅದೇ ದೊಡ್ಡದು. ಹಲವು ಜಿಬಿ ಡೇಟಾ ಬೇಕು, ಹೊತ್ತೂ ಹಿಡಿಯುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿ, ಡೆಸ್ಕ್‌ಟಾಪ್ ಆದರೆ ಕರೆಂಟ್ ಹೋಗದ ಹೊತ್ತು ನೋಡಿ. ಯುಪಿಎಸ್ ಇದ್ದರೂ ಅದರ ಬ್ಯಾಟರಿ ಎಷ್ಟು ನಿಮಿಷ ತಡೆಯುತ್ತದೆ ಎಂದು ತಿಳಿದಿರಲಿ.

ಕಂಪ್ಯೂಟರ್ ಏಳುವುದೇ ಇಲ್ಲವಾದರೆ

ಅಪ್‌ಡೇಟ್ ಬಳಿಕ ಡೆಸ್ಕ್‌ಟಾಪೇ ಕಾಣದೆ, ಲೋಗೋ ಬಂದು ಮಾಯವಾಗುತ್ತಿದ್ದರೆ ವಿಂಡೋಸ್‌ನ ರಿಕವರಿ ಪರದೆಗೆ ಹೋಗಬೇಕು. ಲೋಗೋ ಕಾಣಿಸಿದ ಕೂಡಲೇ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಇನ್ನೊಮ್ಮೆ ಹಾಗೇ ಮಾಡಿ. ಮೂರನೇ ಸಲ ಆನ್ ಮಾಡಿದಾಗ ‘ಆಟೊಮ್ಯಾಟಿಕ್ ರಿಪೇರ್’ ತಾನಾಗಿ ಬರುತ್ತದೆ. ಅಲ್ಲಿಂದ ಟ್ರಬಲ್‌ಶೂಟ್ → ಅಡ್ವಾನ್ಸ್ಡ್ ಆಪ್ಷನ್ಸ್ → ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್.

ಎರಡು ಆಯ್ಕೆಗಳಿರುತ್ತವೆ. ಮಾಸಿಕ ಅಪ್‌ಡೇಟ್ ಆಗಿದ್ದರೆ ‘ಕ್ವಾಲಿಟಿ ಅಪ್‌ಡೇಟ್’, ಆವೃತ್ತಿಯೇ ಬದಲಾಗಿದ್ದರೆ ‘ಫೀಚರ್ ಅಪ್‌ಡೇಟ್’ ತೆಗೆಯಿರಿ. ಎರಡನೆಯದಕ್ಕೆ ಸಾಮಾನ್ಯವಾಗಿ ಹತ್ತು ದಿನಗಳ ಗಡುವು. ಅದು ದಾಟಿದರೆ ಹಳೆಯ ಆವೃತ್ತಿಯ ಫೈಲ್‌ಗಳನ್ನು ವಿಂಡೋಸ್ ಅಳಿಸಿಬಿಟ್ಟಿರುತ್ತದೆ. ಯಂತ್ರ ಎದ್ದ ಕೂಡಲೇ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಪಾಸ್’ ಕೊಟ್ಟು ಒಂದು ವಾರ ತಡೆಹಿಡಿಯಿರಿ. ಇಲ್ಲದಿದ್ದರೆ ತೆಗೆದ ಅಪ್‌ಡೇಟೇ ಮತ್ತೆ ಇಳಿಯುತ್ತದೆ. ಬಿಟ್‌ಲಾಕರ್ ಕೀ ಕೇಳುವುದು ಹೆಚ್ಚಾಗಿ ಈ ಘಟ್ಟದಲ್ಲೇ.

ಸಾಮಾನ್ಯವಾಗಿ ಆಗುವ ತಪ್ಪುಗಳು

• ಸೋತ ಅಪ್‌ಡೇಟನ್ನು ಏನೂ ಬದಲಿಸದೆ ಮತ್ತೆ ಮತ್ತೆ ಒತ್ತುವುದು. ಕೆಲವೊಮ್ಮೆ ತಪ್ಪು ನಿಮ್ಮದಾಗಿರುವುದೇ ಇಲ್ಲ. 2024ರ ಜನವರಿಯಲ್ಲಿ ಬಂದ ಕೆಬಿ5034441 ಎಂಬ ವಿಂಡೋಸ್ 10 ಅಪ್‌ಡೇಟ್, ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಇಲ್ಲದ ಯಂತ್ರಗಳಲ್ಲೆಲ್ಲ 0ಎಕ್ಸ್80070643 ಎಂಬ ಸಂಖ್ಯೆ ತೋರಿಸಿ ಸೋಲುತ್ತಿತ್ತು. ಸಿ ಡ್ರೈವ್‌ನಲ್ಲಿ ನೂರು ಜಿಬಿ ಖಾಲಿಯಿದ್ದವರಿಗೂ ಅದೇ ಪಾಡು. ನಿಮ್ಮ ಕೆಬಿ ಸಂಖ್ಯೆಯ ಬಗ್ಗೆ ಮೈಕ್ರೋಸಾಫ್ಟ್‌ನ ‘ರಿಲೀಸ್ ಹೆಲ್ತ್’ ಪುಟದಲ್ಲಿ ತಿಳಿದಿರುವ ದೋಷವೆಂದು ಬರೆದಿದ್ದರೆ ತಿದ್ದುಪಡಿ ಬರುವವರೆಗೆ ಕಾಯುವುದೇ ಜಾಣತನ.

• ‘ಒಂದೇ ಕ್ಲಿಕ್‌ನಲ್ಲಿ ರಿಪೇರಿ’, ‘ಡ್ರೈವರ್ ಅಪ್‌ಡೇಟರ್’ ಎಂಬ ಹೆಸರಿನ ಗೊತ್ತುಗುರಿಯಿಲ್ಲದ ಪ್ರೋಗ್ರಾಮ್‌ಗಳನ್ನು ಹಾಕಿಕೊಳ್ಳುವುದು. ಇಲ್ಲಿ ಹೇಳಿದ ಯಾವ ಕೆಲಸಕ್ಕೂ ವಿಂಡೋಸ್‌ನ ಹೊರಗಿನ ಸಾಧನ ಬೇಕಿಲ್ಲ.

• ಜಾಗ ಉಳಿಸಲೆಂದು ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರಿನಿಂದ ಕೈಯಾರೆ ಫೈಲ್ ಅಳಿಸುವುದು. ಸಿಸ್ಟಮ್32 ಒಳಗಿನ ‘ಕ್ಯಾಟ್‌ರೂಟ್’ ಫೋಲ್ಡರನ್ನೂ ಮುಟ್ಟಬಾರದು. ಅದನ್ನು ಕಳೆದುಕೊಂಡರೆ ರಿಪೇರಿಯ ದಾರಿಯೇ ಮುಚ್ಚಿಕೊಳ್ಳಬಹುದು.

• ಕ್ರ್ಯಾಕ್ ಮಾಡಿದ ವಿಂಡೋಸ್ ಬಳಸುವುದು. ಲೈಸನ್ಸ್ ಇಲ್ಲದೆ ಓಡಿಸುವ ‘ಆ್ಯಕ್ಟಿವೇಟರ್’ಗಳು ಸಿಸ್ಟಮ್ ಫೈಲ್‌ಗಳನ್ನು ತಿರುಚುವುದುಂಟು. ಹಗುರ ಮಾಡಿದ್ದೇವೆ ಎಂದು ಹಂಚುವ ಪ್ರತಿಗಳಲ್ಲಿ ಅಪ್‌ಡೇಟ್ ಸೇವೆಯನ್ನೇ ಕಿತ್ತು ಹಾಕಿರುತ್ತಾರೆ. ಅಂಥ ಯಂತ್ರದಲ್ಲಿ ಮೇಲಿನ ಹತ್ತೂ ಅಂಶಗಳು ವ್ಯರ್ಥವಾಗಬಹುದು. ಲ್ಯಾಪ್‌ಟಾಪ್ ಜೊತೆ ವಿಂಡೋಸ್ ಬಂದಿತ್ತಾದರೆ ಅದರ ಲೈಸನ್ಸ್ ಕೀ ಸಾಮಾನ್ಯವಾಗಿ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಅಸಲಿ ಪ್ರತಿ ಹಾಕಿದರೆ ಮತ್ತೆ ಹಣ ಕೊಡಬೇಕಿಲ್ಲ.

• ಬ್ರೌಸರ್‌ನಲ್ಲಿ ಎದ್ದು ಬರುವ ‘ನಿಮ್ಮ ವಿಂಡೋಸ್ ಕೆಟ್ಟಿದೆ, ಈ ನಂಬರಿಗೆ ಕರೆ ಮಾಡಿ’ ಎಂಬ ಪುಟವನ್ನು ನಂಬುವುದು. ನಿಜವಾದ ದೋಷ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಕರೆ ಮಾಡಿದರೆ ಆ ಕಡೆಯವರು ನಿಮ್ಮ ಪರದೆಯನ್ನು ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಿಸಿ, ಬ್ಯಾಂಕ್ ಖಾತೆಗೆ ಕೈ ಹಾಕುತ್ತಾರೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

• ಒಮ್ಮೆ ಕೈಕೊಟ್ಟಿತೆಂದು ಅಪ್‌ಡೇಟನ್ನು ಶಾಶ್ವತವಾಗಿ ಬಂದ್ ಮಾಡುವುದು. ನೆಟ್ ಬ್ಯಾಂಕಿಂಗ್ ಮಾಡುವ ಯಂತ್ರಕ್ಕೆ ಇದು ಸಲ್ಲದು. ಅಡಚಣೆಯಾಗದಿರಲು ‘ಆ್ಯಕ್ಟಿವ್ ಅವರ್ಸ್’ ಹೊಂದಿಸಿ. ದಿನದಲ್ಲಿ ಗರಿಷ್ಠ 18 ಗಂಟೆಗಳವರೆಗೆ, ಆ ಅವಧಿಯಲ್ಲಿ ವಿಂಡೋಸ್ ತಾನಾಗಿ ರೀಸ್ಟಾರ್ಟ್ ಆಗದು. ತುರ್ತು ಕೆಲಸವಿದ್ದ ವಾರ ‘ಪಾಸ್’ ಇದ್ದೇ ಇದೆ.

ಇನ್ನೂ ವಿಂಡೋಸ್ 10ರಲ್ಲಿದ್ದರೆ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಪ್‌ಡೇಟ್ ಬರುತ್ತಿಲ್ಲವೆಂದರೆ ಅದು ದೋಷವಾಗಿರಬೇಕಿಲ್ಲ, ಅವಧಿ ಮುಗಿದದ್ದೂ ಕಾರಣವಿರಬಹುದು. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ವಿಸ್ತರಿತ ಯೋಜನೆಯನ್ನು ಕಂಪನಿ ಪ್ರಕಟಿಸಿದೆ. ಯಂತ್ರ 22ಎಚ್2 ಆವೃತ್ತಿಯಲ್ಲಿರಬೇಕು, ನೋಂದಣಿ ವಿಂಡೋಸ್ ಅಪ್‌ಡೇಟ್ ಪುಟದಿಂದಲೇ. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್‌ಗಳ ಬ್ಯಾಕಪ್ ಚಾಲೂ ಮಾಡಿದರೆ ಹಣ ಕೊಡಬೇಕಿಲ್ಲ.

ವಿಂಡೋಸ್ 11ಕ್ಕೆ ಹೋಗಬೇಕೆಂದರೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳು, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಬೇಕು. ಇಂಟೆಲ್ ಆದರೆ, ಕೆಲವು ವಿನಾಯಿತಿ ಬಿಟ್ಟು, ಎಂಟನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಟಿಪಿಎಂ ಇದ್ದರೂ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಹೊಸ ಯಂತ್ರ ಕೊಳ್ಳುವ ಮುನ್ನ ಅದನ್ನೊಮ್ಮೆ ನೋಡಿ.

ಅಂಗಡಿಗೆ ಒಯ್ಯುವುದು ಯಾವಾಗ?

ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ, ಫೈಲ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ, ಅಪ್‌ಡೇಟ್ ಇಲ್ಲದಾಗಲೂ ದೋಷದ ಪರದೆ ಬಂದು ಯಂತ್ರ ನಿಲ್ಲುತ್ತಿದ್ದರೆ ಮೇಲಿನ ಪ್ರಯೋಗಗಳನ್ನು ಅಲ್ಲಿಗೇ ನಿಲ್ಲಿಸಿ. ಅದು ವಿಂಡೋಸ್‌ನ ತೊಂದರೆಯಾಗಿರದೆ ಡಿಸ್ಕ್ ಅಥವಾ ರ‍್ಯಾಮ್‌ನದಾಗಿರಬಹುದು. ಸಾಯುತ್ತಿರುವ ಡಿಸ್ಕ್ ಮೇಲೆ ದೊಡ್ಡ ಅಪ್‌ಡೇಟ್ ಓಡಿಸಿದರೆ ಉಳಿದ ಆಯಸ್ಸೂ ಮುಗಿಯಬಹುದು. ಮೊದಲು ಫೈಲ್‌ಗಳನ್ನು ಕಾಪಾಡಿಕೊಳ್ಳಿ.

ಅಂಗಡಿಯಲ್ಲಿ ‘ಅಪ್‌ಡೇಟ್ ಆಗ್ತಿಲ್ಲ’ ಎಂದಷ್ಟೇ ಹೇಳಿ ಯಂತ್ರ ಬಿಟ್ಟು ಬರಬೇಡಿ. ಕೆಬಿ ಸಂಖ್ಯೆ, ದೋಷ ಸಂಖ್ಯೆ, ಯಾವ ಹಂತದಲ್ಲಿ ನಿಲ್ಲುತ್ತದೆ, ನೀವು ಈಗಾಗಲೇ ಏನೇನು ಮಾಡಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಜೊತೆಗೆ ಮೂರು ಪ್ರಶ್ನೆ ಕೇಳಿ. ಡಿಸ್ಕ್‌ನ ಆರೋಗ್ಯ ಪರೀಕ್ಷಿಸಿದಿರಾ? ಫೈಲ್ ಉಳಿಸಿಕೊಂಡು ವಿಂಡೋಸ್ ಮತ್ತೆ ಹಾಕಲು ಆಗುತ್ತದೆಯೇ? ಫಾರ್ಮ್ಯಾಟ್ ಮಾಡಲೇಬೇಕೆಂದರೆ ಹಾಕುವುದು ಅಸಲಿ ಪ್ರತಿಯೇ? ಈ ಮೂರಕ್ಕೆ ನೇರ ಉತ್ತರ ಕೊಡುವವರ ಕೈಗೆ ಯಂತ್ರ ಒಪ್ಪಿಸಿ. ತಡವರಿಸಿದರೆ ಪಕ್ಕದ ಅಂಗಡಿಯಲ್ಲೂ ಒಮ್ಮೆ ಕೇಳಿ ನೋಡಿ.